ಷಟರಿನ ಅಂದಾಜುಪಟ್ಟಿ

ಪೀಣ್ಯದಲ್ಲಿ ಸಣ್ಣ ವರ್ಕ್‌ಷಾಪು ನಡೆಸುವವರು ಯಾರನ್ನಾದರೂ ನಿಲ್ಲಿಸಿ, ಲೇತಿನ ಬೆಲೆಯೇನೆಂದು ಕೇಳಿ ನೋಡಿ. ಹೊಸದಕ್ಕೆಷ್ಟು, ಹಳೆಯದಕ್ಕೆಷ್ಟು, ಯಾವುದು ಎಷ್ಟು ವರ್ಷ ಬಾಳುವುದು, ನಾಳೆ ಮಾರಿದರೆ ಎಷ್ಟು ಹುಟ್ಟುವುದು ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಅದೇ ಮಹನೀಯರನ್ನು, ‘ನಿಮ್ಮ ಷೆಡ್ಡಿನ ಷಟರಿಗೆ ಎಷ್ಟಾಯಿತು?’ ಎಂದು ಕೇಳಿದಿರೋ, ತಲೆ ಕೆರೆದುಕೊಂಡು, ‘ಅದೇನೋ ಇಪ್ಪತ್ತು, ಇಪ್ಪತ್ತೈದು ಸಾವಿರ ಆಗಿರಬೇಕು’ ಎನ್ನುತ್ತಾರೆ. ಬಾಗಿಲೆಂಬುದು ನಮ್ಮವರ ಲೆಕ್ಕದ ಪುಸ್ತಕದೊಳಕ್ಕೆ ಬರುವುದೇ ಇಲ್ಲ. ಆಯುಧಪೂಜೆಯ ದಿನ ಲೇತಿಗೆ ಹೂವಿನ ಹಾರ, ಡ್ರಿಲ್ಲಿಂಗ್ ಮೆಷಿನ್ನಿಗೆ ಅರಿಶಿನ ಕುಂಕುಮ; ಷಟರಿಗಾದರೋ ಮೇಲೊಂದು ಮಾವಿನೆಲೆಯ ತೋರಣ ಕಟ್ಟಿ, ಮುಂದೆ ಬೂದುಗುಂಬಳಕಾಯಿ ಒಡೆದರೆ ಅಲ್ಲಿಗೆ ತೀರಿತು. ಈ ಅನಾದರದಿಂದ ನಷ್ಟವಾಗುವುದು ಬಡ ವರ್ಕ್‌ಷಾಪಿನವರಿಗೇ ಎಂಬುದು ನನ್ನ ವಾದ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಇದೆಂತಹ ವಿಷಯವೆಂದು ವಾಚಕರು ನಗಬಹುದು. ನಕ್ಕ ಮೇಲೆ ಮುಂದೆ ಓದಬೇಕೆಂದು ನನ್ನ ಕೋರಿಕೆ.

ಗ್ಯಾರೇಜು ಎಂಬ ಮಾತಿಗೆ ನಮ್ಮ ಕಡೆ ಇರುವ ಅರ್ಥವೇ ಬೇರೆ. ಪಶ್ಚಿಮ ದೇಶಗಳಲ್ಲಿ ಅದು ಮನೆಯವರ ಕಾರು ಮಲಗುವ ಕೋಣೆ. ನಮ್ಮಲ್ಲಿ ಅದು ಮಂದಿ ಮೈಮುರಿದು ದುಡಿಯುವ ಜಾಗ. ಅಮೆರಿಕದಲ್ಲಿ 1921ರಲ್ಲಿ ಸಿ. ಜಿ. ಜಾನ್ಸನ್ ಎಂಬವರು ಮೇಲಕ್ಕೆತ್ತುವ ಗ್ಯಾರೇಜು ಬಾಗಿಲನ್ನು ರೂಪಿಸಿದರು; 1926ರಲ್ಲಿ ಅದನ್ನು ವಿದ್ಯುತ್ತಿನಿಂದ ಎತ್ತುವ ಯಂತ್ರವನ್ನೂ ತಂದರು. ಅದೇ ದೇಶದ ಒಂದು ಗ್ಯಾರೇಜಿನಲ್ಲಿ 1939ರಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರು ಕಂಪನಿ ಕಟ್ಟಿದ ಕಥೆಯನ್ನು ನಮ್ಮ ಎಲೆಕ್ಟ್ರಾನಿಕ್ ಸಿಟಿಯ ತರುಣರು ಭಕ್ತಿಯಿಂದ ಹೇಳುತ್ತಾರೆ. ಆ ಎಲೆಕ್ಟ್ರಾನಿಕ್ ಸಿಟಿಯಾದರೂ 1978ರಲ್ಲಿ ಆರ್. ಕೆ. ಬಾಳಿಗರ ಕಾಲದಲ್ಲಿ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಹಾಕಿದ ಪಾಯವೇ. ಅಲ್ಲೀಗ ಗಾಜಿನ ಬಾಗಿಲುಗಳು ಮನುಷ್ಯನನ್ನು ಕಂಡೊಡನೆ ತಾವಾಗಿಯೇ ಸರಿಯುತ್ತವೆ. ಪೀಣ್ಯದಲ್ಲಿ ಬಾಗಿಲು ತಾನಾಗಿ ತೆರೆದರೆ ಕಳ್ಳ ಬಂದನೆಂದೇ ಅರ್ಥ.

1953ರಲ್ಲಿ ಜಾಲಹಳ್ಳಿಯಲ್ಲಿ ಹೆಚ್.ಎಂ.ಟಿ., ಅದರ ಮರುವರ್ಷ ಬಿ.ಇ.ಎಲ್. ಎಂದು ದೊಡ್ಡ ಕಾರ್ಖಾನೆಗಳು ಬಂದುವು. ಅವುಗಳ ಸುತ್ತ ಬಿಡಿಭಾಗ ಮಾಡಿಕೊಡುವ ಕಸಬು ಬೆಳೆಯಿತು. ಪೀಣ್ಯದ ಒಂದನೆಯ ಹಂತ, ಎರಡನೆಯ ಹಂತ ಎಂದು ಕೈಗಾರಿಕಾ ಪ್ರದೇಶ ಹಬ್ಬಿದ ಮೇಲೆ ತಿಗಳರಪಾಳ್ಯ, ಹೆಗ್ಗನಹಳ್ಳಿ, ರಾಜಗೋಪಾಲನಗರಗಳಲ್ಲಿ ಮನೆಗಳ ನಡುವೆಯೂ ಷೆಡ್ಡುಗಳೆದ್ದುವು. 2014ರ ಮಾರ್ಚಿಯಿಂದ ಮೆಟ್ರೋ ರೈಲು ಮೇಲೆ ಓಡುತ್ತಿದೆ. ಅದರ ಕಿಟಕಿಯಿಂದ ನೋಡಿದವರಿಗೆ ಸಾಲುಸಾಲು ತಗಡಿನ ಸೂರುಗಳು ಕಾಣುತ್ತವೆ. ಕೆಳಗಿಳಿದು ನಡೆದವರಿಗೆ ಕಾಣುವುದು ಸಾಲುಸಾಲು ಷಟರುಗಳು. ಬೆಳಿಗ್ಗೆ ಎಂಟೂವರೆಗೆ ಅವೆಲ್ಲ ಒಟ್ಟಿಗೆ ಮೇಲೇಳುವ ಸದ್ದೇ ಆ ಊರಿನ ಸುಪ್ರಭಾತ. ಅಂತಹ ಒಂದು ಬಾಡಿಗೆ ಷೆಡ್ಡಿನಲ್ಲಿ ನಮ್ಮ ತಂದೆಯವರು ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು ಇಟ್ಟುಕೊಂಡು, ಮೂವರು ಕೆಲಸಗಾರರೊಡನೆ ಜಾಬ್‌ವರ್ಕು ಮಾಡುತ್ತಾರೆ. ಕಳೆದ ವರ್ಷ ಅಲ್ಲಿನ ಷಟರು ಬದಲಾಯಿಸಲೇಬೇಕಾಗಿ ಬಂತು. ‘ನೀನು ಎಕನಾಮಿಕ್ಸ್ ಓದ್ತೀಯಲ್ಲಮ್ಮಾ, ಇದರ ಲೆಕ್ಕ ನೀನೇ ಹಾಕು’ ಎಂದು ಅಪ್ಪ ಆ ಕೆಲಸವನ್ನು ನನಗೆ ವಹಿಸಿದರು. ಮೂರು ವರ್ಷ ನಾನು ಕೇಂದ್ರ ಸರ್ಕಾರದ ಆಯವ್ಯಯವನ್ನೂ ರಾಜ್ಯ ಸರ್ಕಾರದ ಆಯವ್ಯಯವನ್ನೂ ಓದಿದ್ದೇನೆ. ಷಟರಿನವನ ಕೊಟೇಷನ್ನು ಅವೆರಡಕ್ಕಿಂತಲೂ ಗಹನವಾದ ಗ್ರಂಥವೆಂದು ಧೈರ್ಯವಾಗಿ ಹೇಳಬಲ್ಲೆ.

ನಮ್ಮ ಬಾಗಿಲಿನ ಅಳತೆ ಹತ್ತಡಿ ಅಗಲ, ಹತ್ತಡಿ ಎತ್ತರ. ಮೊದಲನೆಯವರು ಚದರಡಿಗೆ 190 ರೂಪಾಯಿ ಎಂದರು. ನೂರು ಚದರಡಿಗೆ 19,000 ಎಂದು ಯಾರಾದರೂ ಬಾಯಲ್ಲಿಯೇ ಗುಣಿಸಿಬಿಡಬಹುದು. ಆದರೆ ಷಟರನ್ನು ಅಳೆಯುವುದು ಬಾಗಿಲಿನ ಬಾಯಿಯ ಅಳತೆಯಿಂದಲ್ಲ. ತಗಡಿನ ಪಟ್ಟಿಗಳ ಎರಡು ತುದಿಯೂ ಗೋಡೆಗೆ ಹತ್ತಿದ ಗೈಡ್ ಚಾನೆಲ್ಲಿನ ಒಳಗೆ ಸೇರಬೇಕು. ಅದಕ್ಕೆ ಅಗಲದಲ್ಲಿ ಅರ್ಧ ಅಡಿ. ಮೇಲೆ ಸುತ್ತಿಕೊಳ್ಳುವ ಭಾಗಕ್ಕೆ ಎತ್ತರದಲ್ಲಿ ಒಂದೂವರೆ ಅಡಿ. ಹತ್ತೂವರೆಯನ್ನು ಹನ್ನೊಂದೂವರೆಯಿಂದ ಗುಣಿಸಿದರೆ 120.75 ಚದರಡಿ. ಇದು ಮೋಸವಲ್ಲ, ಆ ತಗಡು ನಿಜವಾಗಿಯೂ ಬೇಕು. ಆದರೆ ಅದನ್ನು ಮೊದಲೇ ಹೇಳುವವರು ಕಡಿಮೆ. 19,000 ಎಂದದ್ದು ಅಲ್ಲಿಗೇ 22,942 ರೂಪಾಯಿ 50 ಪೈಸೆಯಾಯಿತು. ಆಮೇಲೆ ಒಂದೊಂದಾಗಿ ಹೊರಬಿದ್ದುವು. ಹಳೆಯದನ್ನು ಬಿಚ್ಚಲು 1,500, ಹೊಸದನ್ನು ಕೂರಿಸಲು 2,500, ಟೆಂಪೋ ಬಾಡಿಗೆ 1,200, ಬಣ್ಣಕ್ಕೆ 2,000, ಮೇಲಿನ ಸುರುಳಿಯನ್ನು ಮುಚ್ಚುವ ಹುಡ್ ಕವರಿಗೆ 2,500, ಬೀಗದ ಪಟ್ಟಿಗೆ 400. ಒಟ್ಟು 33,042 ರೂಪಾಯಿ 50 ಪೈಸೆ. ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. ಹಾಕಿದರೆ 38,990 ರೂಪಾಯಿ. ಬಾಯಲ್ಲಿ ಹೇಳಿದ ಹತ್ತೊಂಬತ್ತು ಸಾವಿರ ಕಾಗದಕ್ಕೆ ಇಳಿಯುವ ಹೊತ್ತಿಗೆ ಎರಡರಷ್ಟು ಮೀರಿತ್ತು. ದೊಡ್ಡ ಕಂಪನಿಗಳು ಇಂತಹ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಹೊಂದಿಸಿಕೊಳ್ಳುವ ದಾರಿ ಹುಡುಕುತ್ತವೆ. ಜಾಬ್‌ವರ್ಕಿನ ವರಮಾನ ವರ್ಷಕ್ಕೆ 20 ಲಕ್ಷದೊಳಗಿದ್ದು ನೋಂದಣಿಯೇ ಇಲ್ಲದ ನಮ್ಮಂತಹವರಿಗೆ ಅದು ಕೊಟ್ಟು ಕೈತೊಳೆದುಕೊಳ್ಳುವ ಹಣ.

ಇದಿಷ್ಟೂ ಕೂಡಿಸುವ ಕೆಲಸ. ಯಾರು ಬೇಕಾದರೂ ಮಾಡಿಯಾರು. ನಿಜವಾದ ಗುಟ್ಟಿರುವುದು ಗೇಜಿನಲ್ಲಿ. ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರಷ್ಟೆ. ಸಂಖ್ಯೆ ಏರಿದಷ್ಟೂ ತಗಡು ತೆಳುವಾಗುತ್ತದೆ; ನಮ್ಮ ಪರೀಕ್ಷೆಯ ಅಂಕಗಳಿಗೆ ತೀರ ವಿರುದ್ಧವಾದ ನಿಯಮ. 18 ಗೇಜೆಂದರೆ ಸುಮಾರು 1.2 ಮಿಲಿಮೀಟರು, 20 ಎಂದರೆ 0.9, 22 ಎಂದರೆ 0.7. ಮೊದಲನೆಯವರ 190 ರೂಪಾಯಿ 22 ಗೇಜಿನ ದರ. ಅಂದರೆ 18 ಗೇಜಿನ ಬಾಗಿಲಿಗೆ ಹೋಲಿಸಿದರೆ ಸುಮಾರು ಶೇಕಡಾ 40ರಷ್ಟು ಉಕ್ಕು ಅದರಲ್ಲಿ ಇಲ್ಲವೇ ಇಲ್ಲ. ಬಣ್ಣ ಬಳಿದ ಮೇಲೆ ಎರಡೂ ಕಣ್ಣಿಗೆ ಒಂದೇ. ಒಂದು ಲಾರಿ ಹಿಂದಕ್ಕೆ ಬಂದು ಮೆಲ್ಲನೆ ತಾಗಿದ ದಿನ ಯಾವುದು ಯಾವುದೆಂದು ತಿಳಿಯುತ್ತದೆ. ಚದರಡಿಯ ದರ ಕೇಳಿ ಗೇಜು ಕೇಳದಿರುವುದು, ಕಿಲೋ ಎಷ್ಟು ಎಂದು ಕೇಳಿ ಅಕ್ಕಿಯೋ ನುಚ್ಚೋ ಎಂದು ಕೇಳದಿರುವ ಹಾಗೆ. ಅಪ್ಪ ಉಕ್ಕಿನ ಕೆಲಸದವರು. ಕೊಟೇಷನ್ನನ್ನು ಓದುವ ಗೋಜಿಗೆ ಹೋಗದೆ ಜೇಬಿನಿಂದ ಮೈಕ್ರೋಮೀಟರು ತೆಗೆದು ಮಾದರಿಯ ಪಟ್ಟಿಯನ್ನೇ ಅಳೆದರು. ಎರಡನೆಯವರು 20 ಗೇಜು ಎಂದು ತಂದ ಪಟ್ಟಿ 0.7 ಎಂದು ತೋರಿಸಿತು. ಅವರನ್ನು ಟೀ ಕುಡಿಸಿ ಕಳಿಸಿಕೊಟ್ಟೆವು.

ಇನ್ನು ಸ್ಪ್ರಿಂಗಿನ ಮಾತು. ಹೊರಗಿನವರು ಇದನ್ನು ಕಾಣುವುದೇ ಇಲ್ಲ. ಅದು ಹುಡ್ ಕವರಿನೊಳಗೆ ಪೈಪಿಗೆ ಸುತ್ತಿಕೊಂಡಿರುತ್ತದೆ. ಷಟರನ್ನು ಕೆಳಗೆಳೆದಾಗ ಸ್ಪ್ರಿಂಗು ಬಿಗಿಯಾಗುತ್ತದೆ, ಮೇಲೆತ್ತುವಾಗ ಆ ಬಿಗಿಯೇ ಭಾರ ಹೊರುತ್ತದೆ. ಅದು ಸೊರಗುತ್ತ ಬಂದಂತೆ ಷಟರಿನ ತೂಕವು ಎತ್ತುವವನ ಸೊಂಟಕ್ಕೆ ವರ್ಗವಾಗುತ್ತದೆ. ಎತ್ತುವವನು ಯಾರು? ಯಜಮಾನನಲ್ಲ. ಎಲ್ಲ ಷೆಡ್ಡುಗಳಲ್ಲಿಯೂ ಆ ಕೆಲಸ ಅತ್ಯಂತ ಕಿರಿಯ ಹುಡುಗನದು. ನಮ್ಮಲ್ಲಿ ರಾಯಚೂರಿನ ಕಡೆಯಿಂದ ಬಂದ ಒಬ್ಬ ತಮ್ಮನಿದ್ದಾನೆ. ಹಳೆಯ ಷಟರಿನ ಒಂದು ಸ್ಪ್ರಿಂಗು ಮುರಿದ ಮೇಲೆ ಸುಮಾರು ನಾಲ್ಕು ತಿಂಗಳು ಅವನು ಅದನ್ನು ಹೆಗಲು ಕೊಟ್ಟು ಎತ್ತಿ, ಕೆಳಗೆ ಮರದ ತುಂಡನ್ನು ಊರೆ ಕೊಡುತ್ತಿದ್ದನು. ಒಂದು ಬೆಳಿಗ್ಗೆ ಆ ತುಂಡು ಜಾರಿತು. ಅವನ ಕಾಲಿಗೂ ಷಟರಿನ ಅಂಚಿಗೂ ಒಂದು ಗೇಣಿನ ಅಂತರವಿತ್ತು. ಅಪ್ಪ ಅಂದೇ ಸಂಜೆ ಷಟರಿನವರಿಗೆ ಫೋನು ಮಾಡಿದರು. ಆ ನಾಲ್ಕು ತಿಂಗಳು ನಾವು ಉಳಿಸಿದೆವೆಂದುಕೊಂಡ ಹಣ ಯಾರ ಖಾತೆಯಿಂದ ಬಂತೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಯೋಚಿಸಬೇಕು.

ಸುಮಾರು 10 ಚದರ ಮೀಟರಿಗಿಂತ, ಎಂದರೆ 107 ಚದರಡಿಗಿಂತ, ದೊಡ್ಡದಾದ ಷಟರಿಗೆ ಗೇರು ಮತ್ತು ಸರಪಳಿ ಬೇಕೆಂಬುದು ಸರ್ಕಾರದ ಕಟ್ಟಡಗಳಲ್ಲಿ ನಡೆದುಬಂದಿರುವ ಕ್ರಮ. ನಮ್ಮದು ಸುರುಳಿ ಸೇರಿ 120 ದಾಟಿತ್ತು. ಮೂರನೆಯವರು ಹೇಳಿದುದು ಹೀಗೆ: 18 ಗೇಜು, ಚದರಡಿಗೆ 270, ಬಿಚ್ಚುವುದು, ಕೂರಿಸುವುದು, ಹುಡ್ ಕವರು, ಬಣ್ಣ, ಬೀಗ, ಬಾಲ್ ಬೇರಿಂಗು ಎಲ್ಲವೂ ಅದರಲ್ಲಿಯೇ. ಅದು 32,602 ರೂಪಾಯಿ 50 ಪೈಸೆ. ಗೇರು ಸರಪಳಿಗೆ 7,500, ಟೆಂಪೋಗೆ 1,200. ತೆರಿಗೆ ಸೇರಿ 48,737 ರೂಪಾಯಿ. ನಮ್ಮ ಗೋಡೆ ಟೊಳ್ಳು ಇಟ್ಟಿಗೆಯದಾದ್ದರಿಂದ ಬ್ರಾಕೆಟ್ಟಿನ ಬೋಲ್ಟು ಹಿಡಿಯುವ ಕಡೆ ಕಾಂಕ್ರೀಟು ತುಂಬಿಸಬೇಕಾಗಿತ್ತು, ಗಾರೆಯವರಿಗೆ 3,000. ಅಂತೂ 51,737 ರೂಪಾಯಿ. ಮೊದಲನೆಯವರಲ್ಲಿಯೂ ಗಾರೆಯ ಖರ್ಚು ತಪ್ಪುತ್ತಿರಲಿಲ್ಲವಾಗಿ ಅವರದು 41,990 ಎಂದು ಹಿಡಿಯಬೇಕು.

ಮೋಟಾರು ಹಾಕಿಸಿರೆಂದು ಅನೇಕರು ಬುದ್ಧಿ ಹೇಳಿದರು. ತೆರಿಗೆ ಬಿಟ್ಟು ಇನ್ನೂ 28,000. ಗುಂಡಿ ಒತ್ತಿದರೆ ಬಾಗಿಲೇಳುವುದು ಚೆಂದವೇ. ಆದರೆ ದಿನಕ್ಕೆರಡು ಸಲ ಏಳುವ ಬಾಗಿಲಿಗೆ ಅದು ಹೆಚ್ಚಿನ ಮರ್ಯಾದೆಯಾಯಿತೆಂದು ನನ್ನ ಅಭಿಪ್ರಾಯ. ಗೋದಾಮಿನವರಿಗೆ, ದಿನವಿಡೀ ಲಾರಿ ಬಂದುಹೋಗುವ ಕಡೆ, ಅದರ ಮಾತು ಬೇರೆ. ಇದ್ದ ಹಣವನ್ನು ದಪ್ಪ ತಗಡಿಗೂ ಒಳ್ಳೆಯ ಸ್ಪ್ರಿಂಗಿಗೂ ಹಾಕಿ, ಸರಪಳಿ ಎಳೆದುಕೊಳ್ಳುವುದು ಮೇಲು.

‘ಬಾಗಿಲಿಗೆ ಐವತ್ತು ಸಾವಿರ ಸುರಿಯೋಕೆ ಇದೇನು ಅರಮನೆಯೇನಮ್ಮಾ?’ ಎಂದು ಅಪ್ಪ ಕೇಳಿದರು. ನಾನು ಪುಸ್ತಕದ ಪಾಠ ಒಪ್ಪಿಸಿದೆ. ಮೊದಲನೆಯದು ಎಂಟು ವರ್ಷ ಬಾಳುವುದೆಂದು ಹಿಡಿದರೆ ವರ್ಷಕ್ಕೆ 5,249 ರೂಪಾಯಿ ಬೀಳುತ್ತದೆ. ಮೂರನೆಯದು ಹದಿನೈದು ವರ್ಷ ಬಾಳಿದರೆ ವರ್ಷಕ್ಕೆ 3,449. ದುಬಾರಿಯದೇ ಅಗ್ಗ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹದಿನೈದು ವರ್ಷ ಅಂತೀಯ. ನಮ್ಮ ಅಗ್ರಿಮೆಂಟು ಎಷ್ಟು ತಿಂಗಳದು?’ ಎಂದರು.

ಹನ್ನೊಂದು ತಿಂಗಳದು. ಪೀಣ್ಯದ ಬಾಡಿಗೆ ಷೆಡ್ಡುಗಳ ಕಷ್ಟದ ಮೂಲ ಈ ಹನ್ನೊಂದರಲ್ಲಿದೆ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಣಿ ಮಾಡಿಸಬೇಕು. ಆ ಖರ್ಚು, ಅಲೆದಾಟಗಳನ್ನು ತಪ್ಪಿಸಲು ಎಲ್ಲರೂ ಹನ್ನೊಂದು ತಿಂಗಳ ಕಾಗದ ಬರೆದು, ಅದನ್ನೇ ಮತ್ತೆ ಮತ್ತೆ ಬರೆಯುತ್ತ ಹೋಗುತ್ತಾರೆ. ಅಪ್ಪ ಅದೇ ಷೆಡ್ಡಿನಲ್ಲಿ ಒಂಬತ್ತು ವರ್ಷದಿಂದ ಇದ್ದಾರೆ. ಕಾಗದದ ದೃಷ್ಟಿಯಲ್ಲಿ ಅವರು ಯಾವಾಗಲೂ ಈಚೆಗೆ ತಾನೆ ಬಂದವರು. ಹನ್ನೊಂದು ತಿಂಗಳ ಮನುಷ್ಯ ಹದಿನೈದು ವರ್ಷದ ಬಾಗಿಲನ್ನು ಏಕೆ ಕೊಂಡಾನು? 22 ಗೇಜಿನ ಷಟರುಗಳು ಅಷ್ಟೊಂದು ಮಾರುವುದು ನಮ್ಮವರ ಅಜ್ಞಾನದಿಂದಲ್ಲ. ಅವರು ತಮ್ಮ ಕಾಗದಕ್ಕೆ ತಕ್ಕ ಬಾಗಿಲನ್ನು ಕೊಳ್ಳುತ್ತಾರೆ, ಅಷ್ಟೆ. ಬಡವರಿಗೆ ಲೆಕ್ಕ ತಿಳಿಯದು, ಅಗ್ಗದ್ದನ್ನು ಕೊಂಡು ಕೆಡುತ್ತಾರೆ ಎಂದು ಬರೆಯುವ ಪಂಡಿತರು ಇದನ್ನು ಗಮನಿಸಿದರೆ ಒಳ್ಳೆಯದು.

ಕಾನೂನು ಈ ವಿಷಯದಲ್ಲಿ ಮೂಕವಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿ ಬಾಡಿಗೆದಾರ, ಮಾಲೀಕರ ಹೊಣೆಗಳನ್ನು ಹೇಳಿದೆ. ಸಹಜವಾದ ಸವೆತವನ್ನು ಬಿಟ್ಟು ಉಳಿದಂತೆ ಸ್ವತ್ತನ್ನು ಒಳ್ಳೆಯ ಸ್ಥಿತಿಯಲ್ಲಿಡುವುದು ಬಾಡಿಗೆದಾರನ ಹೊಣೆ. ಮಾಲೀಕನು ತಾನು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಮಾಲೀಕನದೆಂಬುದನ್ನು ಕರಾರಿನಲ್ಲಿ ಬರೆದಿರಬೇಕಲ್ಲವೆ? ನಮ್ಮ ಕರಾರಿನಲ್ಲಿ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸು, ಕರೆಂಟು ಬಿಲ್ಲು ಇವಿಷ್ಟೇ ಇದ್ದವು. ಷಟರು ಎಂಬ ಶಬ್ದವೇ ಇರಲಿಲ್ಲ. ಮಾಲೀಕರು ಕೆಟ್ಟವರಲ್ಲ. ‘ಹಾಕಿಸ್ಕೊಳಿ, ನಾನೇನು ಬೇಡ ಅನ್ನಲ್ಲ’ ಎಂದರು. ಖರ್ಚಿನ ಮಾತು ಬಂದಾಗ ಅವರ ಫೋನು ಸಿಕ್ಕುತ್ತಿರಲಿಲ್ಲ. ನಾನು ಪಟ್ಟಿ ಬರೆದುಕೊಂಡು ಅಪ್ಪನೊಡನೆ ಅವರ ಮನೆಗೇ ಹೋದೆ. ಕಾಫಿಯಾದ ಮೇಲೆ 20,000 ರೂಪಾಯಿಯನ್ನು ತಿಂಗಳಿಗೆ 2,000ದಂತೆ ಹತ್ತು ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳಲು ಒಪ್ಪಿದರು. ಹಳೆಯ ಷಟರಿನ ಗುಜರಿ ಅವರದೇ ಎಂದರು, ನ್ಯಾಯವೇ. 85 ಕಿಲೋ ತೂಗಿತು, ಕಿಲೋಗೆ 30ರಂತೆ 2,550 ರೂಪಾಯಿ. ಮೊದಲನೆಯ ಷಟರಿನವರು ಬಿಚ್ಚುವುದಕ್ಕೆ 1,500 ಕೇಳಿ, ‘ಹಳೇದನ್ನ ನಾವೇ ತಗೊಂಡು ಹೋಗ್ತೀವಿ, ನಿಮಗೇನೂ ತೊಂದರೆ ಇಲ್ಲ’ ಎಂದು ಉದಾರವಾಗಿ ಹೇಳಿದುದು ಆಗ ನೆನಪಾಯಿತು.

ಹೀಗೆ ನಮ್ಮ ಪಾಲಿಗೆ ಉಳಿದದ್ದು 31,737. ಆದರೆ ಹಣವೆಲ್ಲ ಮೊದಲೇ ಬೇಕು. ಮುದ್ರಾ ಯೋಜನೆಯಲ್ಲಿ 50,000ದವರೆಗೆ ಶಿಶು ಸಾಲ ಕೊಡುವರೆಂದು ನಾವು ಕೇಳಿದ ಬ್ಯಾಂಕಿನಲ್ಲಿ, ಮೆಷಿನ್ನಿಗಾದರೆ ನೋಡೋಣ, ಬಾಡಿಗೆ ಷೆಡ್ಡಿನ ಬಾಗಿಲಿಗೆ ಹೇಗೆ ಕೊಡುವುದು ಎಂದರು. ಅತ್ತ ನಾವು ಮಾಲು ಕೊಟ್ಟ ಕಂಪನಿಯವರು ತೊಂಬತ್ತು ದಿನಕ್ಕೆ ಹಣ ಕೊಡುವ ರೂಢಿಯವರು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆ ಹೇಳುತ್ತದೆ. ಅದನ್ನು ಅವರಿಗೆ ನೆನಪಿಸಿದರೆ ಹಣ ಬಂದೀತು, ಮುಂದಿನ ಆರ್ಡರು ಬಾರದು. ಕೊನೆಗೆ ಅಪ್ಪ 50,000ದ ಚೀಟಿಯನ್ನು 6,000 ಬಿಟ್ಟು ಕೂಗಿ ಎತ್ತಿದರು. 44,000 ಕೈಗೆ ಬಂತು, ಉಳಿದ 7,737 ಅಮ್ಮನ ಡಬ್ಬಿಯಿಂದ. ಆ ಬಿಟ್ಟ ಆರು ಸಾವಿರದಲ್ಲಿ ನಮ್ಮ ಪಾಲಿಗೆ ಮರಳುವುದು ಅಲ್ಪ. ಹಾಗಾದರೆ ಷಟರಿನ ಬೆಲೆಯಲ್ಲಿ ಅದನ್ನೂ ಸೇರಿಸಬೇಕು. ಯಾವ ಕೊಟೇಷನ್ನಿನಲ್ಲಿಯೂ ಅದಕ್ಕೊಂದು ಸಾಲಿಲ್ಲ.

ಸಾಲಿಲ್ಲದ ಖರ್ಚು ಇನ್ನೂ ಇದೆ. ಹಳೆಯದನ್ನು ಬಿಚ್ಚಿದ ದಿನ ಕಾಂಕ್ರೀಟು ಒಣಗಬೇಕೆಂದು ಹೊಸದನ್ನು ಕೂರಿಸಲಿಲ್ಲ. ಎರಡು ದಿನ ಕೆಲಸ ನಿಂತಿತು. ಎರಡು ರಾತ್ರಿ ಷೆಡ್ಡಿಗೆ ಬಾಗಿಲೇ ಇಲ್ಲ. ಅಪ್ಪ ಬೀದಿಗೆ ತೆರೆದ ಹತ್ತಡಿಯ ಬಾಯಿಗೆ ಟಾರ್ಪಾಲು ಕಟ್ಟಿಸಿ, ಲೇತಿನ ಪಕ್ಕದಲ್ಲಿ ಚಾಪೆ ಹಾಕಿ ಮಲಗಿದರು. ಮಲಗಿದರು ಎಂಬುದು ಮಾತಿಗೆ. ಬೆಳಗಿನ ಜಾವ ಅಮ್ಮ ಕೊಟ್ಟ ಫ್ಲಾಸ್ಕು ಹಿಡಿದು ಹೋದಾಗ ಅವರು ಕೈಯಲ್ಲಿ ಸ್ಪಾನರು ಹಿಡಿದು ಸ್ಟೂಲಿನ ಮೇಲೆ ಕುಳಿತೇ ಇದ್ದರು. ಈ ಬಾಬನ್ನು ಯಾವ ಕಲಮಿನಲ್ಲಿ ಬರೆಯುವುದೋ ತಿಳಿಯದೆ, ಪಟ್ಟಿಯ ಕೊನೆಯಲ್ಲಿ ‘ಕಾವಲು, ಎರಡು ರಾತ್ರಿ’ ಎಂದು ಬರೆದು ಮುಂದೆ ಗೆರೆ ಎಳೆದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ. ಷೆಡ್ಡಿಗೆ ಇರುವುದು ಈ ಒಂದೇ ಬಾಗಿಲು. ಆರ್ಡರು ಅವಸರದ್ದಾದ ರಾತ್ರಿಗಳಲ್ಲಿ ಇಬ್ಬರು ಒಳಗಿದ್ದು, ಷಟರನ್ನು ಪೂರ್ತಿ ಕೆಳಗೆಳೆದುಕೊಂಡು ಕೆಲಸ ಮಾಡುತ್ತಾರೆ. ಎಣ್ಣೆ, ಹತ್ತಿಬಟ್ಟೆ, ಹಳೆಯ ವೈರು ಎಲ್ಲವೂ ಒಳಗಿವೆ. ಷಟರು ಸಿಕ್ಕಿಕೊಂಡರೆ ಅವರು ಹೊರಬರುವುದೆಲ್ಲಿಂದ? ನಾಲ್ಕು ಆಳಿನ ಷೆಡ್ಡು ಕಾರ್ಖಾನೆಯ ಕಾನೂನಿನ ಎಣಿಕೆಗೆ ಬರುವುದಿಲ್ಲ. ಬೆಂಕಿಗೆ ಆ ಎಣಿಕೆ ತಿಳಿಯದು. ಹಿಂಗೋಡೆಯಲ್ಲಿ ಎರಡೂವರೆ ಅಡಿಯ ಸಣ್ಣ ಕಬ್ಬಿಣದ ಬಾಗಿಲಿಗೆ 9,000 ಎಂದು ಪಟ್ಟಿಯಲ್ಲಿ ಬರೆದಿದ್ದೆ. ಗೋಡೆ ಒಡೆಯಲು ಮಾಲೀಕರು ಒಪ್ಪಲಿಲ್ಲ, ಅಪ್ಪನಲ್ಲಿ ಹಣ ಉಳಿದಿರಲಿಲ್ಲ. ಆ ಸಾಲನ್ನು ಹೊಡೆದುಹಾಕಿದರು. ನನ್ನ ದೃಷ್ಟಿಯಲ್ಲಿ ಇಡೀ ಪಟ್ಟಿಯಲ್ಲಿ ಮೊದಲು ಬರಬೇಕಾದ ಸಾಲು ಅದೇ ಆಗಿತ್ತು. ಆ ಮಾತನ್ನು ಅಪ್ಪನಿಗೆ ವಾರಕ್ಕೊಮ್ಮೆ ಹೇಳುತ್ತಲೂ ಇದ್ದೇನೆ.

ಷಟರೇನೋ ಈಗ ಸರಾಗವಾಗಿ ಏಳುತ್ತದೆ. ರಾಯಚೂರಿನ ತಮ್ಮ ಒಂದು ಕೈಯಲ್ಲಿ ಸರಪಳಿ ಎಳೆಯುತ್ತ ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಮಾತಾಡುತ್ತಾನೆ. ವಾರಕ್ಕೊಮ್ಮೆ ಗೈಡ್ ಚಾನೆಲ್ಲಿನೊಳಗಿನ ಉಕ್ಕಿನ ಚೂರುಗಳನ್ನು ಬ್ರಷ್ಷಿನಿಂದ ತೆಗೆಯಬೇಕು, ಕೆಳಪಟ್ಟಿಯ ಬಳಿ ನೀರು ನಿಲ್ಲಗೊಡಬಾರದು. ವರ್ಷಕ್ಕೆ ಸಾವಿರ ರೂಪಾಯಿಯನ್ನು ಇದಕ್ಕೆಂದೇ ಎತ್ತಿಡುವುದಾಗಿ ಗೊತ್ತುಮಾಡಿದ್ದೇವೆ. ಉಳಿದಿರುವುದು ಕರಾರು. ಈಗಿನದರ ಅವಧಿ ಆಷಾಢದಲ್ಲಿ ಮುಗಿಯುತ್ತದೆ. ಆಷಾಢದಲ್ಲಿ ಮಾಲೀಕರು ಸಹಿ ಮಾಡುವವರಲ್ಲವಾದ್ದರಿಂದ ಶ್ರಾವಣಕ್ಕೆ ಹೋಗಬೇಕು. ಹೊಸ ಕಾಗದದಲ್ಲಿ ಸೇರಿಸಬೇಕೆಂದು ನಾನು ಒಂದು ವಾಕ್ಯವನ್ನು ಬರೆದಿಟ್ಟಿದ್ದೇನೆ: ‘ಬಾಡಿಗೆದಾರರು ಷಟರಿಗೆ ಹಾಕಿರುವ 31,737 ರೂಪಾಯಿಯಲ್ಲಿ ವರ್ಷಕ್ಕೆ ಹತ್ತನೆಯ ಒಂದು ಪಾಲನ್ನು ಕಳೆದು, ಮಾಲೀಕರು ಹತ್ತು ವರ್ಷದೊಳಗೆ ಷೆಡ್ಡನ್ನು ಬಿಡಿಸಿಕೊಂಡಲ್ಲಿ ಉಳಿದ ಮೊಬಲಗನ್ನು ಅಡ್ವಾನ್ಸಿನೊಡನೆ ಹಿಂದಿರುಗಿಸತಕ್ಕದ್ದು.’ ಅಪ್ಪ ಇದನ್ನು ಎರಡು ಸಲ ಓದಿಸಿಕೊಂಡು ಕೇಳಿದರು. ‘ಅವರು ಒಪ್ತಾರೇನಮ್ಮಾ?’ ಎಂದರು. ಪಕ್ಕದ ಷೆಡ್ಡಿನ ಪವರ್ ಪ್ರೆಸ್ಸಿನವರು ತಮಗೂ ಒಂದು ಪ್ರತಿ ಬೇಕೆಂದು ತೆಗೆದುಕೊಂಡು ಹೋಗಿದ್ದಾರೆ.